ಹಳ್ಳ ದಾಟಿ ಹೇಳಿದ ಹೆಸರು

ಆ ಗುಡ್ಡಕ್ಕೆ ಹೆಸರಿಲ್ಲ ಎಂದು ಊರಿನವರೇ ಸಹಿ ಹಾಕಿ ಕೊಟ್ಟಿದ್ದರು. ನನ್ನ ಮೇಜಿನ ಮೇಲೆ ಬಂದು ಬಿದ್ದ ಕಡತದಲ್ಲಿ ಮೊದಲು ಕಂಡದ್ದೇ ಆ ಮಹಜರು. ‘ಸದರಿ ಗುಡ್ಡಕ್ಕೆ ಯಾವುದೇ ಹೆಸರು ಇರುವುದಿಲ್ಲ, ದೇವಸ್ಥಾನ ಇರುವುದಿಲ್ಲ, ಆದ್ದರಿಂದ ಗ್ರಾಮಸ್ಥರಿಗೆ ಇದರೊಂದಿಗೆ ವಿಶೇಷ ಸಂಬಂಧ ಇರುವುದಿಲ್ಲ’ ಎಂದು ಬರೆದು, ಕೆಳಗೆ ಸಾಲಾಗಿ ಸಹಿ, ಹೆಬ್ಬೆಟ್ಟು. ಇರುವುದಿಲ್ಲ, ಇರುವುದಿಲ್ಲ ಎಂದು ಇಷ್ಟು ಖಚಿತವಾಗಿ ಬರೆದದ್ದನ್ನು ಓದಿದಾಗಲೆಲ್ಲ ನನಗೆ ಏನೋ ಒಂದು ಇದ್ದೇ ಇರಬೇಕು ಅನಿಸುತ್ತದೆ. ಅದು ನನ್ನ ಹಳೆಯ ಕಾಯಿಲೆ.

ಗುಡ್ಡ ಇರುವುದು ರಿಪ್ಪನ್‌ಪೇಟೆಯಿಂದ ದಕ್ಷಿಣಕ್ಕೆ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳು ಒಂದನ್ನೊಂದು ಮುಟ್ಟುವ ಕಡೆ. ಟಾರು ರಸ್ತೆ ಬಿಟ್ಟು ಮಣ್ಣುದಾರಿಯಲ್ಲಿ ಜೀಪು ಹೋಗುವಷ್ಟು ಹೋಗಿ, ಆಮೇಲೆ ನಡೆಯಬೇಕು. ಸರ್ಕಾರಿ ನಕ್ಷೆಯಲ್ಲಿ ಅದೊಂದು ಎತ್ತರದ ಅಂಕಿ, ಅಷ್ಟೆ. ಜಲ್ಲಿ ಕ್ರಷರ್ ನಡೆಸುವವರೊಬ್ಬರು ಅಲ್ಲಿ ಕ್ವಾರಿಗೆ ಅರ್ಜಿ ಹಾಕಿದ್ದರು. ಅರ್ಜಿ ಮಂಜೂರಾದರೆ ಗುಡ್ಡದ ಪಶ್ಚಿಮದ ಮೈ ಜಲ್ಲಿಯಾಗಿ ಲಾರಿ ಹತ್ತುತ್ತಿತ್ತು. ಬುಡದಲ್ಲಿ ಹರಿಯುವ ಹಳ್ಳದ ನೀರನ್ನೇ ನಂಬಿದ ಮನೆಗಳು ಆಮೇಲೆ ಏನು ಮಾಡಬೇಕು ಎಂಬುದು ಅರ್ಜಿಯಲ್ಲಿ ಇರಲಿಲ್ಲ. ಮಂಜೂರು ಮಾಡುವ ಮುಂಚೆ ಒಬ್ಬ ಭೂವಿಜ್ಞಾನಿಯ ವರದಿ ಬೇಕು ಎಂದು ಯಾರೋ ಪುಣ್ಯಾತ್ಮರು ಷರಾ ಬರೆದಿದ್ದರು. ಹಾಗೆ ಕಡತ ನನಗೆ ಬಂತು. ಮಳೆ ಹಿಡಿಯುವ ಮೊದಲು ವರದಿ ಕೊಡಬೇಕಿತ್ತು.

ಗುಡ್ಡ ಉಳಿಯಬೇಕಾದರೆ ನಾನು ಎರಡು ಸಂಗತಿ ತೋರಿಸಬೇಕಿತ್ತು. ಆ ಕಲ್ಲು ಎಲ್ಲೆಲ್ಲೂ ಸಿಗುವ ಕರಿಕಲ್ಲಲ್ಲ ಎಂಬುದು ಒಂದು. ಸುತ್ತಲಿನ ಜನರಿಗೆ ಆ ಗುಡ್ಡ ಬೇಕಾದದ್ದು ಎಂಬುದು ಇನ್ನೊಂದು. ಒಂದು ಜಾಗವನ್ನು ಭೂವೈಜ್ಞಾನಿಕ ತಾಣವೆಂದು ಕಾಯ್ದಿಡಲು ಶಿಫಾರಸು ಮಾಡಬೇಕಾದರೆ, ಅಲ್ಲಿನವರು ಅದನ್ನು ಏನೆಂದು ಕರೆಯುತ್ತಾರೆ ಎಂದು ನಮ್ಮ ಇಲಾಖೆಯ ಸಮಿತಿ ಮೊದಲು ಕೇಳುತ್ತದೆ. ಶಿಲಾವರ್ಗಕ್ಕೆ ಹೆಸರಿಡುವುದೂ ಹಾಗೆಯೇ, ಅದು ಸಿಕ್ಕ ಊರು, ಹೊಳೆ, ಗುಡ್ಡದ ಹೆಸರನ್ನೇ ಕಲ್ಲಿಗೆ ಇಡುವುದು ರೂಢಿ. ಹೆಸರೇ ಇಲ್ಲದ ಗುಡ್ಡದಿಂದ ಹೆಸರು ಎರವಲು ತರುವುದು ಹೇಗೆ?

ನಾನು ಚಿತ್ರದುರ್ಗದ ಕಡೆಯವಳು. ನಮ್ಮಲ್ಲಿ ಕಲ್ಲು ನೋಡಲು ಮನೆಯ ಬಾಗಿಲು ತೆರೆದರೆ ಸಾಕು. ಮಲೆನಾಡಿನಲ್ಲಿ ಕಲ್ಲಿಗೆ ನಾಚಿಕೆ ಜಾಸ್ತಿ. ಮೇಲೆ ಕೆಂಪು ಜಂಬಿಟ್ಟಿಗೆ ಕಲ್ಲಿನ ದಪ್ಪ ಹೊದಿಕೆ, ಅದರ ಮೇಲೆ ಮಣ್ಣು, ಮಣ್ಣಿನ ಮೇಲೆ ತರಗು, ಎಲ್ಲಾದರೂ ಚೂರು ಬಂಡೆ ಇಣುಕಿದರೆ ಅದರ ಮೇಲೂ ಪಾಚಿ. ಮೊದಲ ವಾರ ನಾನು ಸುತ್ತಿಗೆಗಿಂತ ಕತ್ತಿಯನ್ನೇ ಹೆಚ್ಚು ಬಳಸಿದೆ. ಮಂಗನ ಕಾಯಿಲೆಯ ಕಾಲ ಬೇರೆ. ಆರೋಗ್ಯ ಕೇಂದ್ರದವರು ಕೊಟ್ಟ ಎಣ್ಣೆಯನ್ನು ಕೈಕಾಲಿಗೆ ಬಳಿದುಕೊಂಡು ಹತ್ತುವುದು, ಸಂಜೆ ಇಳಿದ ಮೇಲೆ ಬಟ್ಟೆಯನ್ನು ಬಿಸಿನೀರಿಗೆ ಹಾಕಿ ಉಣುಗು ಹತ್ತಿದೆಯೇ ಎಂದು ಮೈಯೆಲ್ಲ ಹುಡುಕಿಕೊಳ್ಳುವುದು, ಇದೇ ದಿನಚರಿ. ಮೇಲಿನ ಪದರಗಳಲ್ಲಿ ಕಬ್ಬಿಣದ ಅಂಶವಿದ್ದು ದಿಕ್ಸೂಚಿಯ ಮುಳ್ಳು ಮನಸ್ಸು ಬಂದ ಕಡೆ ತಿರುಗುತ್ತಿತ್ತು. ಮರಗಳ ಕೆಳಗೆ ಜಿಪಿಎಸ್ ಕೂಡ ಕೈಕೊಟ್ಟಿತು. ಕೊನೆಗೆ ಬಟ್ಟೆಯ ಟೇಪು ಹಿಡಿದು ಅಳೆದುಕೊಂಡು ಹೋಗುವ ಹಳೇ ಪದ್ಧತಿಗೇ ಬಂದೆ.

ನನ್ನ ಡ್ರೈವರ್ ಸಾಗರದವನು, ಉತ್ಸಾಹಿ. ಗುಡ್ಡದ ತಲೆಯ ಮೇಲೊಂದು ದುಂಡನೆಯ ಹೊಂಡವಿದೆ. ಅದೇ ಜ್ವಾಲಾಮುಖಿಯ ಬಾಯಿ ಎಂದು ಯಾರೋ ಮಾಡಿದ ವಿಡಿಯೊವನ್ನು ಅವನು ಮೊಬೈಲಿನಲ್ಲಿ ತೋರಿಸಿದ.

“ಮೇಡಂ, ಇದನ್ನೇ ಬರೀರಿ. ಕ್ವಾರಿಯವ್ನು ಹೆದರಿ ಓಡಿಹೋಗ್ತಾನೆ,” ಎಂದ.

ಬರೆಯಲು ನನಗೂ ಆಸೆಯೇ. ಆದರೆ ಅದು ಬಾಯಲ್ಲ. ಜಂಬಿಟ್ಟಿಗೆ ಕರಗಿ ಕುಸಿದು ಆದ ಹೊಂಡ, ಎಮ್ಮೆಗಳು ಹೊರಳಿ ಅಗಲವಾಗಿದೆ. ಗುಡ್ಡದ ಕಲ್ಲು ಜ್ವಾಲಾಮುಖಿಯದೇ ಹೌದು, ಆದರೆ ಅದು ಬೆಂಕಿ ಕಾರಿದ್ದು ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದೆ. ಅದರ ಬಾಯಿ, ಮೂಗು ಎಲ್ಲ ಯಾವಾಗಲೋ ಸವೆದುಹೋಗಿವೆ. ಉಳಿದಿರುವುದು ಅದು ಉಗುಳಿದ ಲಾವಾ ಮಾತ್ರ. ಸುಳ್ಳು ಬಾಯಿ ತೋರಿಸಿ ಗುಡ್ಡ ಉಳಿಸಲು ಹೋದರೆ ಎದುರು ಪಕ್ಷದ ಸಲಹೆಗಾರ ಒಂದೇ ಭೇಟಿಯಲ್ಲಿ ನನ್ನ ವರದಿಯನ್ನು ಹರಿದು ಹಾಕುತ್ತಿದ್ದ. ಡ್ರೈವರ್ ಒಂದು ದಿನ ನನ್ನೊಂದಿಗೆ ಸರಿಯಾಗಿ ಮಾತಾಡಲಿಲ್ಲ.

ಸಾಕ್ಷಿ ಸಿಕ್ಕಿದ್ದು ತಲೆಯಲ್ಲಲ್ಲ, ಬುಡದಲ್ಲಿ. ಬೇಸಿಗೆಯಲ್ಲಿ ಹಳ್ಳ ಬಡವಾಗಿ ಒಂದು ಬದಿಗೆ ಸರಿದಿತ್ತು. ಗುಡ್ಡದ ಕಡೆಯ ದಡದಲ್ಲಿ ಆಳೆತ್ತರದ ಬಂಡೆಗೋಡೆ ಬಯಲಾಗಿತ್ತು. ಎದುರು ದಡದ ಮೇಲಿನ ಮನೆಯ ಅಮ್ಮ ಒಬ್ಬರು ನಾನು ಬ್ರಷ್ಷು ಹಿಡಿದು ಬಂಡೆ ಉಜ್ಜುವುದನ್ನು ನೋಡಿ ನಿಂತರು. ಕೃಷಿಕರ ಮನೆಯ ಯಜಮಾನಿ, ಗಂಡ ಇಲ್ಲ, ತೋಟ ಗದ್ದೆ ಎಲ್ಲ ಅವರದೇ ಉಸ್ತುವಾರಿ.

“ಎಂತ ಮೇಡಂ, ಪಾತ್ರೆ ತೊಳ್ದ ಹಂಗೆ ಕಲ್ಲು ತೊಳೀತಾ ಇದೀರಿ? ನಮ್ಮನೇಲೂ ರಾಶಿ ಇದಾವೆ, ಬನ್ನಿ.”

ಹೀಗೆ ಗೇಲಿ ಮಾಡಿದವರೇ ತೆಂಗಿನ ನಾರಿನ ಉಂಡೆ, ಎರಡು ಕೊಡ ತಂದು ಕೆಲಸಕ್ಕೆ ನಿಂತರು. ಪಾಚಿ ಹೋದ ಮೇಲೆ ನೀರು ಎರಚಿದರೆ ಒದ್ದೆ ಬಂಡೆಯಲ್ಲಿ ಗೆರೆಗಳು ಕಾಣತೊಡಗಿದವು. ಗೆರೆಯ ಮೇಲೆ ನಾನು ಸೀಮೆಸುಣ್ಣ ಎಳೆದೆ. ಒಂದರ ಪಕ್ಕ ಒಂದು, ಒತ್ತೊತ್ತಾಗಿ ಜೋಡಿಸಿಟ್ಟ ದಿಂಬುಗಳು! ಸಮುದ್ರದ ತಳದಲ್ಲಿ ಲಾವಾ ಉಕ್ಕಿದಾಗ ತಣ್ಣೀರು ತಾಗಿ ಅದರ ಹೊರಮೈ ಥಟ್ಟನೆ ಗಟ್ಟಿಯಾಗುತ್ತದೆ, ಒಳಗಿನದು ಮೆತ್ತಗೇ ಇರುತ್ತದೆ. ಅದು ದುಂಡಗೆ ಉಬ್ಬಿ, ಒಂದರ ಮೇಲೊಂದು ಕೂತು ಹೆಪ್ಪುಗಟ್ಟುತ್ತದೆ. ದಿಂಬು ಲಾವಾ ಎನ್ನುವುದು ಇದಕ್ಕೇ. ಪ್ರತಿ ದಿಂಬಿನ ಅಂಚಿಗೂ ಕಡುಹಸಿರಿನ ತೆಳು ಪಟ್ಟಿ, ಒಳಗೆ ಗಾಳಿಗುಳ್ಳೆಯ ಜಾಗದಲ್ಲಿ ತುಂಬಿಕೊಂಡ ಬಿಳಿ ಹರಳು. ಇಷ್ಟು ಹಳೆಯ ಕಲ್ಲಿನಲ್ಲಿ ಇಷ್ಟು ಚೆನ್ನಾಗಿ ಉಳಿದದ್ದನ್ನು ನಾನು ನೋಡಿರಲಿಲ್ಲ. ಸಂತೋಷಕ್ಕೆ ಸುತ್ತಿಗೆಯನ್ನು ನೀರಿಗೇ ಬೀಳಿಸಿದೆ.

“ಇಲ್ಲಿ ಸಮುದ್ರ ಇತ್ತಾ?” ಅಮ್ಮ ಕೇಳಿದರು.

“ಇತ್ತು. ಅದರ ತಳದಲ್ಲಿ ಇದು ಉಕ್ಕಿದ್ದು.”

“ಅದ್ಕೇ ಇರ್ಬೇಕು, ಈ ಪರಿ ಮಳೆ ಹೊಯ್ಯದು. ಹಳೇ ನೀರು ಹುಡುಕ್ಕೊಂಡು ಬತ್ತದೆ ನೋಡಿ.”

ಮರುದಿನ ಫೋಟೊಗಳನ್ನು ದೊಡ್ಡದು ಮಾಡಿ ನೋಡುತ್ತ ಕೂತಾಗ ಸಂತೋಷಕ್ಕೆ ಒಂದು ತಡೆ ಬಂತು. ಮೆತ್ತಗಿರುವಾಗ ಕೆಳಗಿನ ಎರಡು ದಿಂಬುಗಳ ನಡುವಿನ ಸಂದಿಗೆ ಮೇಲಿನ ದಿಂಬಿನ ಹೊಟ್ಟೆ ಇಳಿದು ಒಂದು ಬಾಲ ಮೂಡುತ್ತದೆ. ಬಾಲ ಇರುವ ಕಡೆ ಕೆಳಗು, ಉಬ್ಬಿರುವ ಕಡೆ ಮೇಲು. ಇಲ್ಲಿ ಬಾಲಗಳೆಲ್ಲ ಆಕಾಶ ನೋಡುತ್ತಿದ್ದವು. ಭೂಮಿಯ ಯಾವುದೋ ಹಳೆಯ ಒತ್ತಡಕ್ಕೆ ಪದರಗಳು ಮಡಚಿ, ಇಡೀ ಗುಡ್ಡ ಮಗುಚಿ ಹಾಕಿದ ದೋಸೆಯ ಹಾಗೆ ತಲೆಕೆಳಗಾಗಿತ್ತು. ಮೇಲಿರುವುದು ಹಳತು, ಕೆಳಗಿರುವುದು ಹೊಸತು. ನಾನು ಅದುವರೆಗೆ ಬಣ್ಣ ತುಂಬಿದ ನಕ್ಷೆ ಪೂರ್ತಿ ತಿರುಗಾಮುರುಗಾ. ಬೇಸರವಾಯಿತು, ಸುಳ್ಳು ಹೇಳುವುದಿಲ್ಲ. ಮತ್ತೆ ಹತ್ತಿ ಎಲ್ಲ ಗೆರೆಗಳನ್ನೂ ಹೊಸದಾಗಿ ಎಳೆದೆ. ಆದರೆ ಇದರಿಂದ ಕಲ್ಲಿನ ಕೇಸು ಗಟ್ಟಿಯಾಯಿತು. ಪದರ ಮಗುಚಿದೆ ಎಂದು ಕೈಯಿಟ್ಟು ತೋರಿಸಬಹುದಾದ ಇಂಥ ಗೋಡೆಯನ್ನು ಜಲ್ಲಿ ಮಾಡಿ ಎಂದು ನಮ್ಮ ಸಮಿತಿಯಲ್ಲಿ ಯಾರೂ ಹೇಳುವಂತಿರಲಿಲ್ಲ.

ಉಳಿದದ್ದು ಹೆಸರು. ಗುಡ್ಡದ ಮೇಲೆ ಸಿಕ್ಕವರನ್ನೆಲ್ಲ ಕೇಳಿದೆ. ಸೊಪ್ಪಿಗೆ ಬಂದವರು, ದನ ಹುಡುಕಿಕೊಂಡು ಬಂದವರು, ತೀರ್ಥಹಳ್ಳಿ ಬದಿಯಿಂದ ವಾಟೆಹುಳಿಯ ಕಾಯಿ ಕೊಯ್ಯಲು ಹತ್ತಿದವರು. “ಇದಕ್ಕೆ ಏನಂತೀರಿ?” ಎಂದರೆ ಒಬ್ಬರು “ಗುಡ್ಡ ಅಂತೀವಿ” ಎನ್ನುತ್ತಿದ್ದರು, ಇನ್ನೊಬ್ಬರು “ಎಂತದೂ ಇಲ್ಲ” ಎಂದು ಮುಂದೆ ಹೋಗುತ್ತಿದ್ದರು. ಬಿಡದೆ ಕೇಳಿದರೆ ಮುಖ ತಿರುಗಿಸಿ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದರು. ನನಗೆ ಸಿಟ್ಟು ಬರತೊಡಗಿತು. ಕೈತೋಟದ ಮೂಲೆಯ ಹುತ್ತಕ್ಕೂ ಹೆಸರಿಡುವ ಜನ, ಇಷ್ಟು ದೊಡ್ಡ ಗುಡ್ಡವನ್ನು ಬರೀ ಗುಡ್ಡ ಎಂದು ಬಿಟ್ಟಿದ್ದಾರೆಂದರೆ ನಂಬುವುದು ಹೇಗೆ? ಆದರೆ ಮಹಜರಿನಲ್ಲಿ ಸಹಿ ಇತ್ತಲ್ಲ.

ನನ್ನ ಮೇಲಧಿಕಾರಿ ಫೋನಿನಲ್ಲಿ ಸುಲಭದ ದಾರಿ ತೋರಿಸಿದರು. “ಹೆಸರಿಲ್ಲದಿದ್ದರೆ ನೀವೇ ಒಂದು ಇಡಿ. ಅಗ್ನಿಗಿರಿ ಅಂತಲೋ ಏನೋ. ಕೇಳಲಿಕ್ಕೂ ಚೆನ್ನಾಗಿದೆ, ಪೇಪರಿನವರೂ ಬರೀತಾರೆ.” ನಾನು ವರದಿಯ ಮೇಲೆ ಪೆನ್ಸಿಲಿನಲ್ಲಿ ಹಾಗೆಂದು ಬರೆದೂ ನೋಡಿದೆ. ಚೆನ್ನಾಗಿಯೇ ಕಂಡಿತು. ಲಾಡ್ಜಿನ ಬೋರ್ಡಿಗೆ ಇನ್ನೂ ಚೆನ್ನಾಗಿರುತ್ತಿತ್ತು. ಅಳಿಸಿದೆ.

ಮೇ ಕೊನೆಯ ಒಂದು ಮಧ್ಯಾಹ್ನ ಕೊನೆಯ ಮಾದರಿಗಳನ್ನು ಚೀಲಕ್ಕೆ ತುಂಬಿ ಇಳಿಯುತ್ತಿದ್ದೆವು. ಹಳ್ಳದ ಮನೆಯ ಅಮ್ಮನೂ ಸೊಪ್ಪಿನ ಹೊರೆ ಹೊತ್ತು ಜೊತೆಗಿದ್ದರು. ಬೆಳಿಗ್ಗೆ ಮೇಲೆ ಅವರನ್ನೂ ಕೇಳಿದ್ದೆ, ಹೆಸರಿಲ್ಲ ಎಂದಿದ್ದರು. ಹಳ್ಳ ದಾಟಿ ಆಚೆ ದಡ ಹತ್ತಿದ್ದೇ ಹೊರೆ ಇಳಿಸಿ, ಸೊಂಟಕ್ಕೆ ಕೈಕೊಟ್ಟು ಹಿಂದೆ ತಿರುಗಿ ನೋಡಿದರು.

“ಕರಿಯಬ್ಬೆ ತಲೆ ಮೇಲೆ ಮೋಡ ಕೂತದೆ. ನಾಳೆ ನಾಡಿದ್ರಲ್ಲಿ ಮಳೆ ಹಿಡೀತದೆ.”

“ಯಾರು ಕರಿಯಬ್ಬೆ?” ಎಂದೆ.

“ಗುಡ್ಡ ಮೇಡಂ. ಮತ್ಯಾರು?”

ನನ್ನ ಹೆಗಲ ಮೇಲಿನ ಚೀಲ ಜಾರಿತು. “ಅಲ್ಲಮ್ಮ, ಬೆಳಗ್ಗೆ ಮೇಲೆ ಕೇಳಿದಾಗ ಹೆಸರಿಲ್ಲ ಅಂದ್ರಲ್ಲ!”

“ಅಲ್ಲಿ ನಿಂತ್ಕೊಂಡು ಹೇಳ್ತಾರಾ? ನಿಮ್ ಅತ್ತೆ ಎದ್ರಿಗೆ ನಿಂತು ನೀವು ಅವ್ರ ಹೆಸರು ಹಿಡ್ದು ಕರೀತೀರಾ? ಅಬ್ಬೆ ಅಂದ್ರೆ ತಾಯಿ. ಅವಳ ಮೈ ಮೇಲೆ ಇರೋವಾಗ ಹೆಸರು ಹೇಳಂಗಿಲ್ಲ. ಹಳ್ಳ ದಾಟಿದ್ರೆ ಮುಗೀತು.”

“ಮತ್ತೆ ಮಹಜರಿಗೆ ಅಷ್ಟು ಜನ ಸಹಿ ಹಾಕಿದ್ರಲ್ಲ?”

“ಅವ್ರು ನಮ್ಮನ್ನೆಲ್ಲ ಮೇಲೆ ಕರ್ಕೊಂಡು ಹೋಗಿ ಹೆಸರೆಂತ ಅಂತ ಕೇಳಿದ್ರು. ನಾವು ಎಂತ ಹೇಳದು? ಇಲ್ಲ ಅಂದ್ವಿ. ಅಲ್ಲೇ ಬರ್ದು, ಅಲ್ಲೇ ಓದಿ, ಅಲ್ಲೇ ಸಹಿ ಹಾಕಿಸ್ಕೊಂಡ್ರು. ಕೆಳಗೆ ಬಂದ್ಮೇಲೆ ಯಾರಾದ್ರೂ ಕೇಳಿದ್ರಾ? ಜೀಪು ಹತ್ತಿ ಹೋದ್ರು.”

ಗುಡ್ಡಕ್ಕೆ ಮರ್ಯಾದೆ ಕೊಡಲು ಹೋಗಿ, ಅದನ್ನು ಯಾರಿಗೂ ಬೇಡದ್ದು ಎಂದು ಊರಿಗೆ ಊರೇ ಸಹಿ ಹಾಕಿ ಕೊಟ್ಟಿತ್ತು! ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆ ಕಾಗದದ ಅರ್ಥವೇನು, ಅದರ ಮೇಲೆ ಕ್ವಾರಿ ಹೇಗೆ ನಿಂತಿದೆ ಎಂದು ನಾನು ಬಿಡಿಸಿ ಹೇಳಿದಾಗ ಅಮ್ಮ ಸೊಪ್ಪಿನ ಹೊರೆಯ ಮೇಲೆ ಕೂತುಬಿಟ್ಟರು.

“ನಾವೇ ಮಾರಿದ ಹಂಗಾಯ್ತಲ್ಲ ಮೇಡಂ,” ಎಂದರು. ಅವರ ಮುಖ ನೋಡಲು ನನಗೆ ಕಷ್ಟವಾಯಿತು.

ಮಾರನೆಯ ದಿನ ಸಾಗರದ ಉಪವಿಭಾಗ ಕಚೇರಿಗೆ ಹೋದೆ. ಮಹಜರು ಮಾಡಿಸಿದ ಅಧಿಕಾರಿಗಳು ಕೆಟ್ಟವರೇನಲ್ಲ, ಕೆಲಸ ಬೇಗ ಮುಗಿಯಲಿ ಎನ್ನುವವರು. ಪೂರ್ತಿ ಕೇಳಿಸಿಕೊಂಡು ನಕ್ಕರು, ಆಮೇಲೆ ತಲೆಯಲ್ಲಾಡಿಸಿದರು.

“ಒಬ್ಬರು ಹೇಳಿದ್ದನ್ನ ನೀವು ನಿಮ್ಮ ವರದಿಯಲ್ಲಿ ಹಾಕಿದ್ರೆ ಸಹಿ ಇರೋ ಮಹಜರಿನ ಮುಂದೆ ಅದು ನಿಲ್ಲಲ್ಲ ಮೇಡಂ. ಹೊಸದಾಗಿ ಮಹಜರು ಆಗಬೇಕು. ಸ್ಥಳ ಮಹಜರು ಅಂದ್ರೆ ಆ ಸರ್ವೆ ನಂಬರಿನ ಒಳಗೇ ಆಗಬೇಕು. ಯಾರದೋ ಅಂಗಳದಲ್ಲಿ ಕೂತು ಮಾಡಿದ್ರೆ ಎದುರಿನ ವಕೀಲ ಬಿಡ್ತಾನಾ? ಅವರು ಅಲ್ಲಿ ನಿಂತು ಹೆಸರು ಹೇಳ್ತಾರೆ ಅಂದ್ರೆ ನಾನು ನಾಳೆನೇ ಬರ್ತೀನಿ.”

ಅಲ್ಲಿ ನಿಂತು ಅವರು ಹೇಳುವುದಿಲ್ಲ. ಅಲ್ಲಿ ನಿಲ್ಲದೆ ಹೇಳಿದರೆ ಇವರು ಬರೆಯುವುದಿಲ್ಲ. ಈ ಒಂದು ಸಲ ಹೇಳಿಬಿಡಿ, ಗುಡ್ಡ ಉಳಿಸಲಿಕ್ಕೆ ತಾನೆ ಎಂದು ಊರವರನ್ನು ಒಪ್ಪಿಸಬಹುದೇ ಎಂದು ಯೋಚಿಸಿದೆ. ಅಮ್ಮನನ್ನು ಕೇಳಿದರೆ ಬಹುಶಃ ಹೇಳಿಯೂ ಹೇಳುತ್ತಿದ್ದರು. ಆದರೆ ಗುಡ್ಡ ಅವರದು ಎಂದು ತೋರಿಸಲು ಅವರು ಗುಡ್ಡದೊಂದಿಗೆ ನಡೆದುಕೊಳ್ಳುವ ರೀತಿಯನ್ನೇ ಮುರಿಸುವುದು ನನ್ನಿಂದಾಗದ ಕೆಲಸ. ಬೇರೆ ದಾರಿ ಸಿಗದಿದ್ದರೆ ಹೆಸರಿಲ್ಲದೆಯೇ ವರದಿ ಕೊಡುವುದು, ಕಲ್ಲಿನ ಬಲ ಒಂದರ ಮೇಲೆಯೇ ಜಗಳವಾಡುವುದು ಎಂದು ತೀರ್ಮಾನ ಮಾಡಿದೆ. ಸೋಲುವ ಸಾಧ್ಯತೆ ಹೆಚ್ಚಿತ್ತು.

ರಿಪ್ಪನ್‌ಪೇಟೆಯಲ್ಲಿ ನಾನು ಉಳಿದಿದ್ದ ಕೋಣೆಗೆ ಬಂದು, ವರದಿಯ ಕೊನೆಯ ಕೆಲಸವಾಗಿ ಗ್ರಾಮದ ಸರ್ವೆ ನಕಾಶೆಯನ್ನು ನನ್ನ ನಕ್ಷೆಯ ಮೇಲೆ ಕೂರಿಸಿದೆ. ಹಳ್ಳದ ತಿರುವಿನಲ್ಲಿ ಎರಡೂ ಹೊಂದಲಿಲ್ಲ. ಹಳೆಯ ಸರ್ವೆ ಮಾಡಿದವರು ಹಳ್ಳವನ್ನೇ ಗಡಿ ಎಂದು ಗುರುತು ಮಾಡಿದ್ದರು. ಆದರೆ ಆ ತಿರುವಿನಲ್ಲಿ ಗಡಿಗೆರೆ ಈಗಿನ ಹಳ್ಳದಿಂದ ಈಚೆಗೆ, ಅಮ್ಮನ ಗದ್ದೆಯ ಅಂಚಿಗೆ ಬಂದಿತ್ತು. ಅಳತೆ ತಪ್ಪಿತೇ ಎಂದು ಮತ್ತೆ ನೋಡಿದೆ. ತಪ್ಪಿರಲಿಲ್ಲ. ಸರ್ವೆ ಆದ ಮೇಲೆ ಯಾವುದೋ ದೊಡ್ಡ ಮಳೆಗೆ ಹಳ್ಳ ದಿಕ್ಕು ಬದಲಿಸಿ ಗುಡ್ಡದ ಬುಡಕ್ಕೆ ಸರಿದಿತ್ತು. ನಾನು ತೊಳೆದ ಬಂಡೆಗೋಡೆಯನ್ನು ಕೊರೆದು ಬಯಲು ಮಾಡಿದ್ದೂ ಅದೇ. ಅಂದರೆ ಹಳ್ಳದ ಈಚೆ ದಡದಲ್ಲಿ ಗುಡ್ಡದ ಸರ್ವೆ ನಂಬರಿಗೇ ಸೇರಿದ ಒಂದು ಸಣ್ಣ ಪಟ್ಟಿ ನೆಲ ಉಳಿದಿರಬೇಕು. ಬೆಳಿಗ್ಗೆಯೇ ಭೂಮಾಪಕರನ್ನು ಕರೆದುಕೊಂಡು ಹೋದೆ. ಲಂಟಾನದ ಪೊದೆ ಸವರಿದಾಗ ಅರ್ಧ ಹೂತ ಗಡಿಯ ಬಾಂದುಕಲ್ಲು ಸಿಕ್ಕಿತು. ಅದರಿಂದ ಹಳ್ಳದವರೆಗೆ ಗುಡ್ಡದ್ದೇ ನೆಲ, ಸರ್ಕಾರದ ಲೆಕ್ಕದಲ್ಲಿ.

“ಅಮ್ಮ, ಇಲ್ಲಿ ನಿಂತು ಹೇಳಬಹುದಾ?” ಎಂದು ಕೇಳಿದೆ.

ಅವರು ಹಳ್ಳ ನೋಡಿದರು, ಗುಡ್ಡ ನೋಡಿದರು, ಕಲ್ಲು ನೋಡಿದರು. “ಕಾಗ್ದದಲ್ಲಿ ಎಂತಾದ್ರೂ ಇರ್ಲಿ. ಹಳ್ಳ ದಾಟಿ ಬಂದೀವಲ್ಲ? ಹೇಳಕ್ಕಾಗ್ತದೆ.”

ವಿಷಯ ತಿಳಿಸಿದ ಮೇಲೆ ಅಧಿಕಾರಿಗಳು ಮಾತಿನಂತೆ ಬಂದರು, ಅಮ್ಮ ಹೇಳಿಕಳಿಸಿದ ಊರವರೂ ಸೇರಿದರು. ಬರುವಾಗಲೇ ಆಕಾಶ ಕಪ್ಪಾಗಿತ್ತು. ಮೊದಲು ಬಂಡೆಗೋಡೆ ತೋರಿಸಿದೆ. ನೀರು ಎರಚಿ, ದಿಂಬಿನ ಬಾಲ ಮೇಲಕ್ಕಿರುವುದನ್ನು ಬೆರಳಿಟ್ಟು ತೋರಿಸಿದಾಗ ಅವರು ಚಪ್ಪಲಿ ಒದ್ದೆಯಾದದ್ದನ್ನೂ ಮರೆತು ನೋಡುತ್ತ ನಿಂತರು. ಆ ಉತ್ಸಾಹದಲ್ಲಿ ಅಲ್ಲಿಂದಲೇ ಕೂಗಿ ಕೇಳಿದರು: “ಏನ್ರೀ, ಈ ಗುಡ್ಡದ ಹೆಸರು?”

ಗುಡ್ಡದ ಬದಿ ನಿಂತಿದ್ದವರು ಯಾರೂ ಬಾಯಿ ಬಿಡಲಿಲ್ಲ. ಅಮ್ಮ ಮಾತ್ರ, “ಸಾರ್, ಈಚೆ ಬನ್ನಿ, ಹೇಳ್ತೀವಿ,” ಎಂದು ದಾರಿ ತೋರಿಸಿದರು.

ಎಲ್ಲರೂ ಹಳ್ಳ ದಾಟಿ ಬಾಂದುಕಲ್ಲಿನ ಬಳಿ ಸೇರಿದರು. ಹೊಸನಗರದ ಬದಿಯವರು ಒಂದು ಕಡೆ, ಗುಡ್ಡ ಸುತ್ತಿಕೊಂಡು ಬಂದ ತೀರ್ಥಹಳ್ಳಿ ಬದಿಯವರು ಇನ್ನೊಂದು ಕಡೆ. ಭೂಮಾಪಕರು ಇದು ಅದೇ ಸರ್ವೆ ನಂಬರು ಎಂದು ಗಟ್ಟಿಯಾಗಿ ಹೇಳಿ ದಾಖಲಿಸಿದರು. ಅಧಿಕಾರಿಗಳು ಅದೇ ಪ್ರಶ್ನೆ ಮತ್ತೆ ಕೇಳಿದರು. ಎರಡು ತಾಲ್ಲೂಕಿನವರು ಎರಡು ಹೆಸರು ಹೇಳಿದರೆ ಏನು ಗತಿ ಎಂಬ ಯೋಚನೆ ನನಗೆ ಆಗ ಹೊಳೆಯಿತು. ಅಮ್ಮ ಸೆರಗು ಸರಿಮಾಡಿಕೊಂಡು ಗುಡ್ಡದ ಕಡೆ ಕೈಮುಗಿದರು.

“ಕರಿಯಬ್ಬೆ,” ಎಂದರು.

“ಕರಿಯಬ್ಬೆ,” ಎಂದರು ತೀರ್ಥಹಳ್ಳಿ ಬದಿಯ ಹಿರಿಯರೊಬ್ಬರು, ಇದರಲ್ಲಿ ಕೇಳುವುದೇನಿದೆ ಎನ್ನುವಂತೆ. ಆಮೇಲೆ ಎಲ್ಲರೂ ಹೇಳಿದರು. ನನ್ನ ಕಣ್ಣು ತುಂಬಿತು. ಆಗಲೇ ಮಳೆ ಹನಿಯತೊಡಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಕೊಡೆ ಹಿಡಿದು ಅದರಡಿಯಲ್ಲಿ ಒಬ್ಬೊಬ್ಬರಾಗಿ ಸಹಿ ಹಾಕಿದರು.

ಮಳೆಗಾಲ ಕಳೆಯುವ ಹೊತ್ತಿಗೆ ಕ್ವಾರಿಯ ಅರ್ಜಿ ತಿರಸ್ಕೃತವಾಯಿತು. ತಾಣವೆಂದು ಘೋಷಣೆಯಾಗಲು ಇನ್ನೂ ಮೆಟ್ಟಿಲುಗಳಿವೆ, ಸಮಿತಿಗಳು ನಿಧಾನ. ಆದರೆ ಆ ದಿಂಬು ಲಾವಾದ ಪದರಗಳಿಗೆ ಕರಿಯಬ್ಬೆ ಶಿಲಾವರ್ಗ ಎಂಬ ಹೆಸರು ಒಪ್ಪಿಗೆಯಾಗಿ, ಹೊಸ ಭೂವೈಜ್ಞಾನಿಕ ನಕ್ಷೆಯ ಕರಡಿನಲ್ಲಿ ಅಚ್ಚಾಯಿತು. ಅದರ ಒಂದು ಪ್ರತಿಯನ್ನು ಅಮ್ಮನಿಗೆ ಕೊಡಲು ನಾನೇ ಹೋದೆ. ಜಗಲಿಯ ಮೇಲೆ ಬಿಡಿಸಿ, ಹೆಸರಿನ ಮೇಲೆ ಅವರ ಬೆರಳು ಇಡಿಸಿದೆ. ಅಕ್ಷರ ಕೂಡಿಸಿ ಓದಿಕೊಂಡು ಬಹಳ ಸಂತೋಷಪಟ್ಟರು. ಸೊಸೆಯನ್ನು ಕರೆದು ತೋರಿಸಿದರು. ಆಮೇಲೆ ನಕ್ಷೆಯಿಂದ ತಲೆಯೆತ್ತಿ ಗುಡ್ಡದ ಕಡೆ ನೋಡಿದರು.

“ಮೇಡಂ, ಈ ನಕ್ಷೆ ಹಿಡ್ಕೊಂಡು ಮುಂದೆ ಜನ ಗುಡ್ಡ ಹತ್ತಾರೆ ಅಲ್ದಾ?”

“ಹೌದಮ್ಮ. ಅದಕ್ಕೇ ಮಾಡಿದ್ದು.”

“ಮತ್ತೆ ಅಲ್ಲೇ ನಿಂತು ಬಿಡಿಸಿದ್ರೆ, ಹೆಸರು ಅವಳ ಎದ್ರಿಗೇ ಹೇಳ್ದಂಗೆ ಆಗಲ್ವಾ?”

ನಕ್ಷೆ ಮಾಡುವ ನಮ್ಮ ನಿಯಮಗಳಲ್ಲಿ ಎಲ್ಲಿಯೂ ಇದರ ಮಾತಿಲ್ಲ. ಅಮ್ಮನೇ ಸ್ವಲ್ಪ ಹೊತ್ತು ನೋಡಿ, ಆ ದೊಡ್ಡ ಹಾಳೆಯನ್ನು ಒಂದು ಸಲ ಹೀಗೆ, ಒಂದು ಸಲ ಹಾಗೆ ಮಡಚಿ ನನ್ನ ಕೈಗೆ ಕೊಟ್ಟರು. ಗೆರೆ, ಬಣ್ಣ, ಎತ್ತರದ ಅಂಕಿ ಎಲ್ಲ ಹೊರಗೆ ಕಾಣುತ್ತಿತ್ತು, ಹೆಸರು ಮಾತ್ರ ಮಡಿಕೆಯ ಒಳಗೆ ಹೋಗಿತ್ತು. ಈಗ ನಾನು ಅಲ್ಲಿಗೆ ಹೊಸಬರನ್ನು ಕರೆದೊಯ್ಯುವಾಗ ಹಳ್ಳದ ಈಚೆ ದಡದಲ್ಲಿ ಎಲ್ಲರನ್ನೂ ನಿಲ್ಲಿಸಿ, ನಕ್ಷೆಯನ್ನು ಹೀಗೇ ಮಡಚಲು ಮೊದಲು ಕಲಿಸುತ್ತೇನೆ.